ಚಾರ್ಟ್ ಆಮೇಲೆ, ಮೊದಲು ಆ ಟೇಪ್ ಬಿಡಿ

ನವಜಾತ ಶಿಶುವಿನ ತೂಕ 10ನೇ ಪರ್ಸೆಂಟೈಲ್ (ನೂರು ಮಕ್ಕಳಲ್ಲಿ ಹತ್ತು ಮಂದಿ ಇದಕ್ಕಿಂತ ಕಡಿಮೆ ತೂಗುತ್ತಾರೆ) ದಾಟಿದೆ, ಉದ್ದ ಟೇಪಲ್ಲಿ ತೆಗೆದಿದ್ದೇನೆ, ಪೋಷಣೆ ತಿಳಿಯಲು ಬೆಳವಣಿಗೆಯ ಚಾರ್ಟ್‌ಗಳಲ್ಲಿ ಫೆಂಟನ್ ನೋಡಲೋ ಇಂಟರ್‌ಗ್ರೋತ್ ನೋಡಲೋ ಅಂತ ಕೇಳಿದ್ದೀರಿ. ನಾನು ಎಡವಿದ್ದೂ ಟೇಪಿನಲ್ಲೇ.

38 ವಾರಕ್ಕೆ ಹುಟ್ಟಿದ ಮಗು, 2,750 ಗ್ರಾಂ. ಪಕ್ಕದಲ್ಲಿ ಟೇಪ್ ಹಾಸಿ ಒಬ್ಬಳೇ ಅಳೆದೆ, 48 ಸೆಂ.ಮೀ. ಬಂತು. ಗ್ರಾಂ ತೂಕವನ್ನು 100ರಿಂದ ಗುಣಿಸಿ ಉದ್ದದ ಘನದಿಂದ ಭಾಗಿಸಿದರೆ ಪಾಂಡರಲ್ ಇಂಡೆಕ್ಸ್ (ಉದ್ದಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಅಂಕಿ, ಕಡಿಮೆಯಾದಷ್ಟೂ ಮಗು ಬಡಕಲು): 2.49. ಪರವಾಗಿಲ್ಲ ಅಂದುಕೊಂಡು ರಕ್ತದ ಸಕ್ಕರೆ ನೋಡಲಿಲ್ಲ. ರಾತ್ರಿ ಕೈಕಾಲು ನಡುಗತೊಡಗಿದ ಮೇಲೆ ನೋಡಿದರೆ ಗ್ಲೂಕೋಸ್ ಇಳಿದಿತ್ತು. ಮರುದಿನ ಇನ್‌ಫ್ಯಾಂಟೋಮೀಟರ್‌ನಲ್ಲಿ (ತಲೆಗೆ, ಕಾಲಿಗೆ ಹಲಗೆಗಳಿರುವ ಉದ್ದ ಅಳೆಯುವ ಸಾಧನ) ಉದ್ದ 50, ಇಂಡೆಕ್ಸ್ 2.20! ಉದ್ದದಲ್ಲಿ ಶೇ 4ರ ತಪ್ಪು, ಘನ ಮಾಡುವುದರಿಂದ ಇಂಡೆಕ್ಸ್‌ನಲ್ಲಿ ಶೇ 13 ಆಗಿತ್ತು. ಕೊನೆಯ ವಾರಗಳಲ್ಲಿ ಹೊಟ್ಟೆಯೊಳಗೇ ಸೊರಗಿದ ಮಗು ಅದು. ಇಂಥವರಲ್ಲಿ ಉದ್ದ, ತಲೆ ಬೆಳೆದಿರುತ್ತವೆ, ಕೊಬ್ಬು ಕಡಿಮೆ ಇರುತ್ತದೆ. ತೊಡೆಯ ಚರ್ಮ ಸಡಿಲವಾಗಿ ನೆರಿಗೆಗಟ್ಟಿತ್ತು, ನಾನು ಅಂಕಿಯನ್ನೇ ನಂಬಿದೆ.

ನವಜಾತ ಶಿಶುವಿನ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ, ಟೇಪಿಗೆ ಆ ಮಡಚಿದ ಉದ್ದ ಸಿಗುವುದಿಲ್ಲ. ಇಬ್ಬರು ಬೇಕೇಬೇಕು. ಒಬ್ಬರು ನೆತ್ತಿಯನ್ನು ತಲೆಹಲಗೆಗೆ ತಾಗಿಸಿ, ಮುಖ ನೇರ ಮೇಲಕ್ಕಿರುವಂತೆ ಹಿಡಿಯಬೇಕು. ಇನ್ನೊಬ್ಬರು ಎರಡೂ ಮಂಡಿಗಳನ್ನು ಮೆತ್ತಗೆ ಒತ್ತಿ, ಪಾದ ಲಂಬವಾಗಿಸಿ ಕಾಲ್ಹಲಗೆ ತಂದು 0.1 ಸೆಂ.ಮೀ.ವರೆಗೆ ಓದಬೇಕು. ಒಂದೇ ಕಾಲು ಎಳೆದರೆ ಸೊಂಟ ಓರೆಯಾಗಿ ಲೆಕ್ಕ ಕೆಡುತ್ತದೆ. ಎರಡು ಸಲ ಅಳೆಯಿರಿ, ವ್ಯತ್ಯಾಸ ಜಾಸ್ತಿ ಬಂದರೆ ಮೂರನೆಯದು. ತೂಕ ಬರಿಮೈಯಲ್ಲಿ, ಹಾಸಿದ ಬಟ್ಟೆಯ ಸಮೇತ ಸೊನ್ನೆ ಮಾಡಿಕೊಂಡ ಮೇಲೆ.

ಟೇಪ್ ತಲೆಗೆ ಮಾತ್ರ, ಅದೂ ಹಿಗ್ಗದ್ದು. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿದ ಭಾಗದವರೆಗೆ ಸುತ್ತಿ, ಅತಿ ದೊಡ್ಡ ಅಳತೆ ಬರೆಯಿರಿ. ಹೆರಿಗೆಯಲ್ಲಿ ತಲೆ ಒತ್ತಿಕೊಂಡಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ನೋಡಿ.

ಇನ್ನು ಚಾರ್ಟ್. ಇಂಟರ್‌ಗ್ರೋತ್ ಆರೋಗ್ಯವಂತ ತಾಯಂದಿರ ಮಕ್ಕಳಿಂದ ಕಟ್ಟಿದ ಮಾನದಂಡ, ಜನನದ ಅಳತೆಗೆ ನಾನು ಅದನ್ನೇ ಹಿಡಿಯುತ್ತೇನೆ. ಫೆಂಟನ್ 2013 ಮುಖ್ಯವಾಗಿ ಅವಧಿಪೂರ್ವ ಮಕ್ಕಳಿಗೆ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2006ರ ಚಾರ್ಟ್‌ನಲ್ಲಿ ಗರ್ಭದ ವಾರಗಳ ಲೆಕ್ಕವೇ ಇಲ್ಲ, ಹಾಗಾಗಿ 34 ವಾರದ ಮಗುವನ್ನು ಹುಟ್ಟಿದ ದಿನವೇ ಅದರಲ್ಲಿ ಗುರುತಿಸಬೇಡಿ. ಇವ್ಯಾವುದರಲ್ಲೂ 48 ಮತ್ತು 50ರ ತಪ್ಪು ತಾನಾಗಿ ಸರಿಹೋಗುವುದಿಲ್ಲ. ನಿಮ್ಮ ಮಗುವನ್ನು ಇವತ್ತೇ ಹಲಗೆಯ ಮೇಲೆ ಮಲಗಿಸಿ ಮತ್ತೆ ಅಳೆಯಿರಿ.