ಎತ್ತುವುದಲ್ಲ, ಎಬ್ಬಿಸುವುದು

ಪ್ರಶ್ನೆ: ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ನನ್ನದು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿರುವ ಅಜ್ಜಿಯನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ವೀಲ್‌ಚೇರಿಗೆ ಕೂರಿಸುತ್ತೇನೆ. ಅವರಿಗೆ ಭುಜನೋವು, ನನಗೆ ಸೊಂಟನೋವು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಆ ಕಂಕುಳಲ್ಲೇ. ಸೋತ ಕೈಯ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲಾಗಿರುತ್ತವೆ. ಜಗ್ಗಿದರೆ ಕೀಲು ಜಾರುತ್ತದೆ. ಅವರ ಕೈಯನ್ನು ನಿಮ್ಮ ಕುತ್ತಿಗೆಗೆ ಹಾಕಿಸಿಕೊಳ್ಳುವುದೂ ಬೇಡ.

ಕುರ್ಚಿ ಅವರ ಬಲಗಡೆ, ಅಂದರೆ ಗಟ್ಟಿ ಇರುವ ಕಡೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿರಲಿ. ಎರಡೂ ಬ್ರೇಕ್ ಹಾಕಿ, ಪಾದದ ಹಲಗೆಗಳನ್ನು ಪಕ್ಕಕ್ಕೆ ಸರಿಸಿ. ಆ ಹಲಗೆಯ ಅಂಚು ತಾಗಿ ಕಾಲಿನ ಚರ್ಮ ಹರಿಯಬಹುದು. ಮಂಚದಂಚಿನಲ್ಲಿ ಪಾದ ಪೂರ್ತಿ ನೆಲಕ್ಕೂರುವಂತೆ ಕೂರಿಸಿ ಒಂದೆರಡು ನಿಮಿಷ ಬಿಡಿ. ಮಲಗಿದ್ದವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಬಟ್ಟೆಯ ಮೇಲೆ ಸೊಂಟಕ್ಕೆ ಟ್ರಾನ್ಸ್‌ಫರ್ ಬೆಲ್ಟ್ (ಎಬ್ಬಿಸುವಾಗ ನೀವು ಹಿಡಿಯುವ ಅಗಲ ಪಟ್ಟಿ) ಕಟ್ಟಿ, ಎರಡು ಬೆರಳು ತೂರುವಷ್ಟು ಬಿಗಿ ಸಾಕು. ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಹೊಟ್ಟೆಗೆ ಆಹಾರದ ನಳಿಕೆಯಿದ್ದರೆ ನರ್ಸನ್ನು ಕೇಳದೆ ಕಟ್ಟಬೇಡಿ.

ಈಗ ಮುಖ್ಯವಾದದ್ದು: ಪಾದ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿಸಿ. ಭಾರ ಪಾದಕ್ಕೆ ಬಂದರೆ ಕುಂಡಿ ತಾನೇ ಹಗುರಾಗುತ್ತದೆ. ನಿಮ್ಮ ಮೊಣಕಾಲು ಅವರ ಎಡ ಮೊಣಕಾಲಿಗೆ ಒತ್ತಾಗಿರಲಿ, ಮಡಚದಂತೆ. ಮೂರೆಣಿಸಿ ಎಬ್ಬಿಸಿ, ಸೊಂಟ ತಿರುಚದೆ ನಿಮ್ಮ ಹೆಜ್ಜೆ ಬದಲಿಸಿ ತಿರುಗಿ. ಕುರ್ಚಿ ಕಾಲಿನ ಹಿಂಬದಿಗೆ ತಾಗಿದ ಮೇಲೇ ಕೂರಿಸಿ. ಅವರು ಕಾಲೂರಲಾರದೆ ನಿಮ್ಮ ಪಾಲಿಗೆ 16 ಕಿಲೋಗಿಂತ ಹೆಚ್ಚು ಭಾರ ಬರುವಂತಿದ್ದರೆ ಅದು ಜೋಲಿಯಲ್ಲಿ ಕೂರಿಸಿ ಎತ್ತುವ ಯಂತ್ರದ, ಅಂದರೆ ಲಿಫ್ಟಿನ ಕೆಲಸ, ನಿಮ್ಮದಲ್ಲ.

ಪ್ರಶ್ನೆ: ಜೋಲಿ ಲಿಫ್ಟಿನಲ್ಲಿ ಎತ್ತುವಾಗ ಅದರ ಗಾಲಿಗೆ ಬ್ರೇಕ್ ಹಾಕಬೇಕೆ?

ಉತ್ತರ: ಸಾಮಾನ್ಯವಾಗಿ ಬೇಡ. ಭಾರ ಏರಿದಂತೆ ಲಿಫ್ಟ್ ತಾನೇ ಸರಿದು ಸಮತೋಲಕ್ಕೆ ಬರಬೇಕು, ಕಟ್ಟಿಹಾಕಿದರೆ ವಾಲಬಹುದು. ಆದರೂ ನಿಮ್ಮ ಯಂತ್ರದ ಕೈಪಿಡಿಯ ಮಾತೇ ಕೊನೆ. ಬುಡದ ಕಾಲುಗಳನ್ನು ಅಗಲಿಸಿ. ವೀಲ್‌ಚೇರಿನ ಬ್ರೇಕ್ ಮಾತ್ರ ಹಾಕಿರಲೇಬೇಕು. ಇಬ್ಬರಿರಿ.

ಪ್ರಶ್ನೆ: ನಡುವೆ ಕುಸಿದರೆ?

ಉತ್ತರ: ತಡೆಯಲು ಹೋದರೆ ಇಬ್ಬರೂ ಬೀಳುತ್ತೀರಿ. ಬೆಲ್ಟ್ ಹಿಡಿದು ಮೈಗೆ ಒತ್ತಿಕೊಂಡು, ಒಂದು ಕಾಲು ಮುಂದಿಟ್ಟು ಅದರ ಮೇಲೆ ಜಾರಿಸುತ್ತಾ ನೆಲಕ್ಕಿಳಿಸಿ, ತಲೆ ಕಾಯಿರಿ. ನರ್ಸ್ ನೋಡುವ ಮುನ್ನ ಎಬ್ಬಿಸಬೇಡಿ.