ಕೆಂಪು ರಕ್ತಕಣ ಬದುಕಿದೆಯಾ, ಮಿಸ್?

ಪತ್ರ: ಕಳೆದ ಸಂಚಿಕೆಯ ಜೀವಕೋಶದ ಲೇಖನದಲ್ಲಿ ‘ಕೋಶಕೇಂದ್ರವಿಲ್ಲದೆ ಯಾವ ಕೋಶವೂ ಬದುಕದು’ ಎಂದು ಬರೆದಿದ್ದೀರಿ. ಒಂಬತ್ತನೇ ತರಗತಿಯಲ್ಲಿ ಅದನ್ನು ಓದಿ ಹೇಳಿದೆ. ಹುಡುಗಿಯೊಬ್ಬಳು ಎದ್ದು, ‘ಮಿಸ್, ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ವಲ್ಲ, ಅದು ಸತ್ತಿದೆಯಾ?’ ಎಂದಳು. ಏನು ಹೇಳಲಿ?
– ಶಿಕ್ಷಕಿ, ಹಾಸನ ಜಿಲ್ಲೆ

ಸಂಪಾದಕರ ಉತ್ತರ: ತಪ್ಪು ನಮ್ಮದು. ಆ ವಾಕ್ಯ ನನ್ನ ಕಣ್ಣೆದುರೇ ಅಚ್ಚಿಗೆ ಹೋಯಿತು. ಬ್ಯಾಕ್ಟೀರಿಯಗಳಿಗೆ ಕೋಶಕೇಂದ್ರ ಇರುವುದೇ ಇಲ್ಲ ಎಂಬುದಾದರೂ ನನಗೆ ನೆನಪಾಗಬೇಕಿತ್ತು. ನಿಮ್ಮ ಹುಡುಗಿ ಹಿಡಿದದ್ದು ಅದಕ್ಕಿಂತ ಸೊಗಸಾದ ಉದಾಹರಣೆ.

ಕೆಂಪುಕಣ ಹುಟ್ಟುವಾಗ ಬರಿಗೈಯಲ್ಲಿ ಹುಟ್ಟುವುದಿಲ್ಲ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೆ ಕೋಶಕೇಂದ್ರ, ಮೈಟೋಕಾಂಡ್ರಿಯ, ರೈಬೋಸೋಮ್ ಎಲ್ಲವೂ ಇರುತ್ತವೆ. ಕೋಶಕೇಂದ್ರ ಕಳಿಸಿದ ಸಂದೇಶ ಓದಿ ರೈಬೋಸೋಮ್‌ಗಳು ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ ಕಟ್ಟುತ್ತಲೇ ಇರುತ್ತವೆ; ಬಲಿತ ಕಣದಲ್ಲಿ ಸುಮಾರು 27 ಕೋಟಿ ಅಣು ಸೇರಿರುತ್ತವೆ. ಕೆಲಸ ಮುಗಿಯುತ್ತ ಬಂದಂತೆ ಕೋಶಕೇಂದ್ರ ಮುದುಡಿ ಅಂಚಿಗೆ ಸರಿಯುತ್ತದೆ. ಕೊನೆಗೆ ತೆಳ್ಳನೆ ಪೊರೆ ಸುತ್ತಿಕೊಂಡು, ಹಲಸಿನ ತೊಳೆಯಿಂದ ಬೀಜ ಜಾರಿದ ಹಾಗೆ ಹೊರಬೀಳುತ್ತದೆ. ಪಕ್ಕದಲ್ಲೇ ಕಾದಿರುವ ಮ್ಯಾಕ್ರೋಫೇಜ್ ಎಂಬ ಕಸಗುಡಿಸುವ ಕೋಶ ಅದನ್ನು ನುಂಗಿಬಿಡುತ್ತದೆ. ಅಳಿದುಳಿದ ಮೈಟೋಕಾಂಡ್ರಿಯ, ರೈಬೋಸೋಮ್‌ಗಳು ಕಣ ರಕ್ತಕ್ಕಿಳಿದ ಒಂದೆರಡು ದಿನದಲ್ಲಿ ಮಾಯವಾಗುತ್ತವೆ.

ಹೀಗೆ ಖಾಲಿಯಾದ ಕಣ ಎರಡೂ ಕಡೆ ತಗ್ಗಿದ ಬಿಲ್ಲೆ, ಅಡ್ಡಳತೆ 7–8 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಗುಲ್ಮದಲ್ಲಿ (ಹಳೆಯ ರಕ್ತಕಣಗಳನ್ನು ಸೋಸುವ ಅಂಗ, ಸ್ಪ್ಲೀನ್) ಅದಕ್ಕಿಂತ ಎಷ್ಟೋ ಕಿರಿದಾದ ಸೀಳುಗಳಲ್ಲಿ ಅದು ಮಡಿಚಿಕೊಂಡು ನುಸುಳಬೇಕು. ಹೊಟ್ಟೆಯಲ್ಲಿ ಗಟ್ಟಿ ಗುಂಡು ಇಟ್ಟುಕೊಂಡು ಅದಾಗದು.

ಮೈಟೋಕಾಂಡ್ರಿಯ ಬಿಟ್ಟದ್ದು ಇನ್ನೂ ಜಾಣತನ ಅನ್ನಿಸುತ್ತದೆ ನನಗೆ. ಆಮ್ಲಜನಕ ಬಳಸಿ ಶಕ್ತಿ ತೆಗೆಯುವುದು ಅದರ ಕೆಲಸ. ಅದು ಉಳಿದಿದ್ದರೆ ಡೇರಿಗೆ ಹಾಲು ಹೊತ್ತವನು ದಾರಿಯಲ್ಲೇ ಗುಟುಕರಿಸಿದಂತಾಗುತ್ತಿತ್ತು. ಈಗ ಕೆಂಪುಕಣ ತಾನು ಹೊತ್ತ ಆಮ್ಲಜನಕವನ್ನು ಉರಿಸುವುದಿಲ್ಲ. ಗ್ಲೂಕೋಸನ್ನು ಆಮ್ಲಜನಕವಿಲ್ಲದೆಯೇ ಒಡೆದು, ಒಂದು ಅಣುವಿಗೆ ನಿವ್ವಳ 2 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ ನಾಣ್ಯ) ಗಳಿಸಿ, ಅಷ್ಟರಲ್ಲೇ ಸಂಸಾರ ತೂಗಿಸುತ್ತದೆ.

ಆ ಎಟಿಪಿ ಖರ್ಚು ಮಾಡಿ ಕೋಶಪೊರೆ ಸೋಡಿಯಂ ಹೊರದಬ್ಬುತ್ತದೆ, ಪೊಟ್ಯಾಸಿಯಂ ಒಳಗೆಳೆಯುತ್ತದೆ. ಆದ್ದರಿಂದ ಹುಡುಗಿಗೆ ಹೇಳಿ: ಬದುಕಿದೆ. ಆದರೆ ರಿಪೇರಿಗೆ ದಾರಿಯಿಲ್ಲ. ಕಿಣ್ವ ಸವೆದರೆ ಹೊಸದು ಮಾಡಲು ನಕ್ಷೆಯೂ (ಕೋಶಕೇಂದ್ರದ ಡಿಎನ್‌ಎ) ಇಲ್ಲ, ಯಂತ್ರವೂ (ರೈಬೋಸೋಮ್) ಇಲ್ಲ. ಹಾಗಾಗಿ ಆಯಸ್ಸು ಸುಮಾರು 120 ದಿನ. ಹೋದವುಗಳ ಜಾಗ ತುಂಬಲು ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣ ಮಾಡುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ‘ಮೂರು ತಿಂಗಳ ಶುಗರ್’ ಪರೀಕ್ಷೆ ಗೊತ್ತಿರುತ್ತದೆ. ರಕ್ತದ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟುತ್ತದೆ, ಕಣ ಸಾಯುವವರೆಗೂ ಅಲ್ಲೇ ಉಳಿಯುತ್ತದೆ. ಲ್ಯಾಬಿನವರು ಅಳೆಯುವುದು ಆ ಅಂಟನ್ನೇ. ನಿನ್ನೆ ಒಂದು ದಿನ ಹೋಳಿಗೆ ಬಿಟ್ಟವರ ಗುಟ್ಟು ಅಲ್ಲಿ ರಟ್ಟಾಗುತ್ತದೆ.

ತರಗತಿಗೆ ಒಂದು ಕೆಲಸ. ಮಾಂಸದಂಗಡಿಯಿಂದ ಹನಿ ಕೋಳಿರಕ್ತ ತಂದು, ಹೆಪ್ಪುಗಟ್ಟುವ ಮೊದಲೇ ಗಾಜಿನ ಮೇಲೆ ತೆಳ್ಳಗೆ ಎಳೆದು ಒಣಗಿಸಿ, ಲೀಶ್ಮನ್ ಬಣ್ಣ (ರಕ್ತಕಣ ನೋಡಲು ಲ್ಯಾಬಿನವರು ಬಳಸುವ ಬಣ್ಣ) ಹಾಕಿ. ಕೈಗವಸು ಮರೆಯಬೇಡಿ. ಮೊಟ್ಟೆಯಾಕಾರದ ಒಂದೊಂದು ಕಣದ ಒಳಗೂ ನಟ್ಟನಡುವೆ ನೇರಳೆ ಬೊಟ್ಟು ಕಾಣುತ್ತದೆ: ಹಕ್ಕಿಗಳ ಕೆಂಪುಕಣ ಕೋಶಕೇಂದ್ರ ಬಿಟ್ಟುಕೊಡುವುದಿಲ್ಲ. ಪಕ್ಕದಲ್ಲಿ ಮನುಷ್ಯ ರಕ್ತದ ಸಿದ್ಧ ಸ್ಲೈಡ್ ಇಡಿ. ನಡು ಮಸುಕಾದ, ಬೊಟ್ಟಿಲ್ಲದ ಬಿಲ್ಲೆಗಳೇ ತುಂಬಿರುತ್ತವೆ. ಅಲ್ಲೊಂದು ಇಲ್ಲೊಂದು ನೇರಳೆ ತುಂಬಿಕೊಂಡದ್ದು ಸಿಕ್ಕರೆ ಅದು ಬಿಳಿ ರಕ್ತಕಣ. ರಕ್ತದಿಂದ ನಮ್ಮ ಡಿಎನ್‌ಎ ತೆಗೆಯುವವರು ಹುಡುಕುವುದು ಅದನ್ನು.