ಅರೆನೆರಳಿನ ಪಾತಿಗೆ ಯಾವ ಗುಲಾಬಿ ಸೂಕ್ತ?

ಬೆಂಗಳೂರಿನ ನಿಮ್ಮ ಮನೆಯ ಪೂರ್ವಕ್ಕಿರುವ 3 ಅಡಿ ಅಗಲದ ಪಾತಿಗೆ ಬೆಳಿಗ್ಗೆ ಸುಮಾರು 4 ಗಂಟೆ ಬಿಸಿಲು ಬೀಳುತ್ತದೆ, ದಕ್ಷಿಣಕ್ಕೆ ಪಕ್ಕದವರ ಎತ್ತರದ ಮನೆಯಿದೆ, ಅಲ್ಲಿ ದೊಡ್ಡ ಹೂವಿನ ಗುಲಾಬಿ ಬೆಳೆಯಬಹುದೇ ಎಂದು ಕೇಳಿದ್ದೀರಿ. ಗುಲಾಬಿ ಬೆಳೆಯಬಹುದು; ಆದರೆ ಉದ್ದ ದಂಟಿನ, ಒತ್ತೊತ್ತಾದ ಎಸಳುಗಳ ಹೈಬ್ರಿಡ್ ಟೀ ತಳಿಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕಾಗುವುದರಿಂದ ಅವನ್ನು ನಾನು ಸೂಚಿಸಲಾರೆ.

ತಳಿಯನ್ನು ಆರಿಸುವ ಮೊದಲು, ಆ 4 ಗಂಟೆಯ ಲೆಕ್ಕವನ್ನು ಯಾವ ತಿಂಗಳಲ್ಲಿ ಹಾಕಿದಿರಿ ಎಂಬುದನ್ನು ನೋಡಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಆಗ ದಕ್ಷಿಣದ ಕಟ್ಟಡದ ನೆರಳು ನಿಮ್ಮ ಪಾತಿಯನ್ನು ಅಷ್ಟಾಗಿ ಬಾಧಿಸುವುದಿಲ್ಲ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ವಾಲಿದಾಗ 30 ಅಡಿ ಎತ್ತರದ ಮನೆ ನಡುಮಧ್ಯಾಹ್ನಕ್ಕೂ ಸುಮಾರು 22 ಅಡಿ ಉದ್ದದ ನೆರಳನ್ನು ಚೆಲ್ಲುತ್ತದೆ. 30×40 ಅಡಿಯ ಸೈಟಿನಲ್ಲಿ ಅದು ಸಣ್ಣ ಮಾತಲ್ಲ. ಮಳೆ ತಗ್ಗಿದ ಮೇಲೆ ಅಕ್ಟೋಬರಿನಲ್ಲಿ ಸವರಿದ ಗಿಡ ಆರೇಳು ವಾರಗಳಲ್ಲಿ ಹೂಬಿಡುವುದೂ ಸರಿಯಾಗಿ ಇದೇ ಹೊತ್ತಿಗೆ. ಆದ್ದರಿಂದ ಡಿಸೆಂಬರಿನ ಬಿಸಿಲನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದು 3 ಗಂಟೆಗೂ ಕಡಿಮೆಯಾದರೆ ಗುಲಾಬಿಯ ಆಸೆ ಬಿಟ್ಟು ಬಿಗೋನಿಯ ಹಾಕುವುದೇ ಲೇಸು.

ಬಿಸಿಲು ಸಾಕಷ್ಟಿದ್ದರೆ ನನ್ನ ಮೊದಲ ಆಯ್ಕೆ ಐಸ್‌ಬರ್ಗ್. ಜರ್ಮನಿಯ ಕೋರ್ಡೆಸ್ ಸಂಸ್ಥೆ 1958ರಲ್ಲಿ ಹೊರತಂದ, ಫ್ಲೋರಿಬಂಡಾ ಗುಂಪಿನ ಈ ಬಿಳಿ ಗುಲಾಬಿ ಗೊಂಚಲು ಗೊಂಚಲಾಗಿ ಅರಳುತ್ತದೆ, ಎಸಳುಗಳು ಸಡಿಲವಾಗಿರುವುದರಿಂದ ಕಡಿಮೆ ಬಿಸಿಲಿನಲ್ಲೂ ಬಿಚ್ಚಿಕೊಳ್ಳುತ್ತದೆ, ನೆರಳಿನ ಮಂಕಿನಲ್ಲಿ ಎದ್ದೂ ಕಾಣುತ್ತದೆ. ಎಸಳು ಕಿಕ್ಕಿರಿದ ಮೊಗ್ಗುಗಳಾದರೋ ತೇವದ ನೆರಳಿನಲ್ಲಿ ಹೊರಪದರ ಅಂಟಿಕೊಂಡು, ಅರಳದೆಯೇ ಕಂದುಗಟ್ಟಿ ಕೊಳೆಯುತ್ತವೆ. ಹೈಬ್ರಿಡ್ ಮಸ್ಕ್ ಗುಂಪಿನ ಬ್ಯಾಲೆರಿನಾ ಸಿಕ್ಕರೆ ಬಿಡಬೇಡಿ; ಐದೇ ಎಸಳಿನ ಅದರ ಪುಟ್ಟ ಗುಲಾಬಿ ಬಣ್ಣದ ಹೂಗಳು ಅರೆನೆರಳಿಗೆ ಚೆನ್ನಾಗಿ ಒಗ್ಗುತ್ತವೆ. ಪುಟ್ಟ ಹೂವಿನ ಬಟನ್ ರೋಸ್ ಬೇಕೆಂದರೆ ಕುಂಡದಲ್ಲೇ ಇಟ್ಟುಕೊಂಡು ಬಿಸಿಲು ಬಂದ ಕಡೆಗೆ ಸರಿಸಬಹುದು.

ನಿಮಗೆ ಸಿಗುವುದು ಬೆಳಗಿನ ಬಿಸಿಲಾಗಿರುವುದು ಒಳ್ಳೆಯದೇ. ಎಲೆ ಸುಮಾರು ಏಳು ಗಂಟೆ ಸತತವಾಗಿ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಒಳಹೊಕ್ಕುತ್ತದೆ; ರಾತ್ರಿಯ ಇಬ್ಬನಿಯನ್ನು ಬೆಳಗಿನ ಬಿಸಿಲು ಬೇಗ ಒಣಗಿಸುತ್ತದೆ. ಐಸ್‌ಬರ್ಗಿಗೂ ಈ ರೋಗ ತಪ್ಪಿದ್ದಲ್ಲವಾದ್ದರಿಂದ ಗಿಡಗಳ ನಡುವೆ ಎರಡೂವರೆ ಅಡಿ ಬಿಡಿ, ನೀರನ್ನು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆಯೇ ಹಾಕಿ. ನೆರಳಿನ ಗಿಡ ಸೊರಗಿದಂತೆ ಕಂಡಿತೆಂದು ಯೂರಿಯಾ ಸುರಿಯಬೇಡಿ, ಬರೀ ಸೊಪ್ಪು ಬೆಳೆಯುತ್ತದೆ. ಹಿಂದಿನ ಗೋಡೆಗೆ ಬಿಳಿ ಸುಣ್ಣ ಬಳಿದರೆ ಬೆಳಕು ತುಸು ಹೆಚ್ಚುತ್ತದೆ.

ಇನ್ನೊಂದು ಮಾತು: ಐಸ್‌ಬರ್ಗಿನಲ್ಲಿ ಬಳ್ಳಿಯಂತೆ ಹಬ್ಬುವ ಬಗೆಯೂ ಇದೆ. ನಿಮ್ಮ ಪಾತಿಗೆ ಬೇಕಾದದ್ದು ಪೊದೆಯ ಬಗೆ. ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಿ.